ಗಿಲಾವು ಗೋಡೆ ಹಾಗೂ ಚಾವಣಿಗಳಿಗೆ ಅಗ್ನಿನಿರೋಧಕ ಹಲಗೆಗಳ ಅಳವಡಿಕೆ : ಅರ್ಜಿದಾರರ ಮಾಹಿತಿಗಾಗಿ

ಅರಸೀಕೆರೆ ತಾಲ್ಲೂಕಿನ ಬಾಣಾವರ ಮೊದಲಾದ ತೆಂಗು ಬೆಳೆಯುವ ಪ್ರದೇಶಗಳಲ್ಲಿ ವಾಸದ ಮನೆ, ಮಳಿಗೆ ಹಾಗೂ ಕೊಬ್ಬರಿ ಅಟ್ಟ ಒಂದೇ ಸೂರಿನ ಕೆಳಗೆ ಇರುವುದುಂಟು. ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಲಾಗುತ್ತದೆ. ಒಣಗಿದ ಕೊಬ್ಬರಿಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಭಾಗ ಎಣ್ಣೆಯೇ ಆಗಿದ್ದು, ಅಂತರರಾಷ್ಟ್ರೀಯ ಹಡಗು ಸಾಗಣೆ ನಿಯಮಗಳಲ್ಲಿ ಕೊಬ್ಬರಿಯನ್ನು ತಾನಾಗಿಯೇ ಬಿಸಿಯಾಗುವ ಸರಕುಗಳ ಸಾಲಿನಲ್ಲಿ ಸೇರಿಸಲಾಗಿದೆ. ಇದರ ಜೊತೆಗೆ ಒಣ ಸಿಪ್ಪೆ, ನಾರು ಮತ್ತು ಕರಟಗಳೂ ಇರುತ್ತವೆ. ಇಂತಹ ಕಟ್ಟಡದಲ್ಲಿ ಅಡುಗೆ ಮನೆಗೂ ಅಟ್ಟಕ್ಕೂ ನಡುವಿನ ಗೋಡೆ ಎಷ್ಟು ನಿಮಿಷ ಬೆಂಕಿಯನ್ನು ತಡೆಯುತ್ತದೆ ಎಂಬುದು, ಮನೆಯವರು ಹೊರಬರಲು ಹಾಗೂ ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ತಲುಪಲು ದೊರೆಯುವ ಕಾಲಾವಕಾಶವೇ ಆಗಿರುತ್ತದೆ.

ಅಗ್ನಿನಿರೋಧಕ ಹಲಗೆಗಳಲ್ಲಿ ಜಿಪ್ಸಂ ಹಲಗೆ, ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಮತ್ತು ರಾಕ್ ವೂಲ್ ಹಲಗೆಗಳು ಮುಖ್ಯವಾದವು. ಜಿಪ್ಸಂನ ತೂಕದಲ್ಲಿ ಸುಮಾರು ಶೇ. 21 ಭಾಗ ನೀರು ರಾಸಾಯನಿಕವಾಗಿ ಬಂಧಿತವಾಗಿರುತ್ತದೆ. ಬೆಂಕಿ ತಗುಲಿದಾಗ ಈ ನೀರು ಆವಿಯಾಗಿ ಹೊರಹೋಗುವವರೆಗೆ ಹಲಗೆಯ ಹಿಂಬದಿಯ ಶಾಖ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನೀರು ಹೋದ ನಂತರ ಸಾಧಾರಣ ಹಲಗೆ ಬಿರುಕು ಬಿಟ್ಟು ಉದುರುತ್ತದೆ; ಅಗ್ನಿನಿರೋಧಕ ದರ್ಜೆಯ ಹಲಗೆಯಲ್ಲಿ ಸೇರಿಸಿರುವ ಗಾಜಿನ ಎಳೆಗಳು ಅದನ್ನು ಇನ್ನಷ್ಟು ಹೊತ್ತು ಹಿಡಿದಿಡುತ್ತವೆ. ಶಾಖವನ್ನು ತಡೆಯುವುದರಲ್ಲಿ ಜಿಪ್ಸಂ ಅಷ್ಟೇನೂ ಸಮರ್ಥವಲ್ಲ. ಬೇಸಿಗೆಯ ಸೆಕೆಯೂ ತಗ್ಗಬೇಕಾದಲ್ಲಿ ಹಿಂಬದಿಯಲ್ಲಿ ರಾಕ್ ವೂಲ್ ಇರಿಸುವುದು ಅವಶ್ಯಕ. ನೀರು ತಾಗುವ ಗೋಡೆಗಳಿಗೆ ಕ್ಯಾಲ್ಸಿಯಂ ಸಿಲಿಕೇಟ್ ಸೂಕ್ತ.

ತಗಡಿನ ಅಥವಾ ಶೀಟಿನ ಚಾವಣಿಯ ಕೆಳಗೆ ಸೆಕೆ ತಗ್ಗಿಸಲೆಂದು ಥರ್ಮಾಕೋಲ್ ಅಂಟಿಸುವ ರೂಢಿಯನ್ನು ಕೈಬಿಡುವುದು ಒಳಿತು. ಇದು ಸುಮಾರು 100 ಡಿಗ್ರಿ ಶಾಖಕ್ಕೆ ಮೆದುವಾಗಿ, ನಂತರ ಉರಿಯುತ್ತಾ ತೊಟ್ಟಿಕ್ಕಿ, ದಟ್ಟವಾದ ಕಪ್ಪು ಹೊಗೆಯನ್ನು ಹೊರಸೂಸುತ್ತದೆ. ಬೇಗ ಹೊತ್ತಿಕೊಳ್ಳದ ದರ್ಜೆಯ ಥರ್ಮಾಕೋಲ್ ಸಹ ಕರಗುವುದು ತಪ್ಪದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನರ ಸಾವಿಗೆ ಕಾರಣವಾದ ಬೆಂಕಿ ಹಬ್ಬಿದ್ದು ಹೊರಗೋಡೆಗೆ ಹೊದಿಸಿದ್ದ ಇಂತಹದೇ ದಹ್ಯ ಪದಾರ್ಥಗಳ ಮೂಲಕ.

ಹಲಗೆಯ ಮೇಲೆ ಮುದ್ರಿಸಿರುವ ನಿಮಿಷಗಳ ಸಂಖ್ಯೆಯನ್ನು ಮಾತ್ರ ನಂಬಿ ಖರೀದಿಸುವುದು ಸರಿಯಲ್ಲ. ಭಾರತೀಯ ಮಾನಕ ಐಎಸ್ 3809ರ ಪ್ರಕಾರ ಪರೀಕ್ಷೆಗೆ ಒಳಪಡುವುದು ಚೌಕಟ್ಟು, ತಿರುಪು, ಸಂದು, ಹಲಗೆಗಳ ಪದರ ಎಲ್ಲವೂ ಸೇರಿದ ಇಡೀ ರಚನೆ. ಕುಲುಮೆಯ ಶಾಖವನ್ನು ಒಂದು ಗಂಟೆಯಲ್ಲಿ ಸುಮಾರು 945 ಡಿಗ್ರಿಗೆ ಏರಿಸಿ, ಹಿಂಬದಿಯ ಸರಾಸರಿ ಶಾಖದ ಏರಿಕೆ 140 ಡಿಗ್ರಿ ಮೀರದಂತೆ ಎಷ್ಟು ನಿಮಿಷ ತಡೆಯಿತು ಎಂಬುದನ್ನು ಅಳೆಯಲಾಗುತ್ತದೆ. ಎರಡು ಪದರ ಹಾಕಿ ಪಡೆದ ಫಲಿತಾಂಶವು ಒಂದೇ ಪದರ ಹಾಕಿದ ಗೋಡೆಗೆ ಅನ್ವಯಿಸುವುದಿಲ್ಲ.

ಅಳವಡಿಸುವ ಮುನ್ನ ಗಿಲಾವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡತಕ್ಕದ್ದು. ಟೊಳ್ಳು ಶಬ್ದ ಬಂದ ಕಡೆ ಗಿಲಾವನ್ನು ಕಿತ್ತು ಹೊಸದಾಗಿ ಹಾಕಿಸಬೇಕು. ತೇವವಿರುವ ಗೋಡೆಗೆ, ವಿಶೇಷವಾಗಿ ಹಳೆಯ ಮಣ್ಣಿನ ಗೋಡೆಗೆ, ಜಿಪ್ಸಂ ಹಲಗೆ ನಿಲ್ಲುವುದಿಲ್ಲ. ಚಾವಣಿಯಲ್ಲಿ ಹಲಗೆಗಳನ್ನು ಅಂಟಿನಿಂದ ಮಾತ್ರ ನಿಲ್ಲಿಸದೆ ಲೋಹದ ಚೌಕಟ್ಟಿಗೆ ತಿರುಪಿನಿಂದ ಬಿಗಿಯಬೇಕು. ಎರಡನೆಯ ಪದರದ ಸಂದು ಮೊದಲನೆಯದರ ಸಂದಿನ ಮೇಲೆ ಬರಕೂಡದು. ವಿದ್ಯುತ್ ಪೆಟ್ಟಿಗೆ, ದೀಪ ಹಾಗೂ ಪೈಪುಗಳಿಗಾಗಿ ಕೊರೆದ ರಂಧ್ರಗಳೇ ಅತ್ಯಂತ ದುರ್ಬಲ ಭಾಗಗಳು; ಗಾರೆಯವರು ಹೋದ ಮೇಲೆ ವೈರಿಂಗ್‌ನವರು ಬಂದು ಕೊರೆಯುವುದು ಎಲ್ಲೆಡೆ ನಡೆಯುವ ಸಂಗತಿ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನರು ಮೃತಪಟ್ಟ ದುರಂತದಲ್ಲಿ ಹೊಗೆ ಮಹಡಿಗಳಿಗೆ ಹರಡಿದ್ದು ವಿದ್ಯುತ್ ತಂತಿಗಳ ಕೊಳವೆ ದಾರಿಯಿಂದ. ಆದ್ದರಿಂದ ರಂಧ್ರಗಳನ್ನು ರಾಕ್ ವೂಲ್ ಮತ್ತು ಅಗ್ನಿನಿರೋಧಕ ಮೇಣದಿಂದ ಮುಚ್ಚಿಸಬೇಕು.

ಕೊಬ್ಬರಿ ಅಟ್ಟದ ಕೆಳಭಾಗದ ಪಟ್ಟಿಗಳಿಗೆ ಹಲಗೆ ಹೊಡೆಸಕೂಡದು. ಗಾಳಿಯಾಡದೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಅದರ ಬದಲು ಒಲೆಯನ್ನು ಅಟ್ಟದ ಕೆಳಗಿನಿಂದ ಸ್ಥಳಾಂತರಿಸಿ, ಅಡುಗೆ ಮನೆಯ ಚಾವಣಿಗೂ ಅಟ್ಟದ ಕಡೆಯ ಗೋಡೆಗೂ ಪೂರ್ಣ ಎತ್ತರದವರೆಗೆ ಹಲಗೆ ಅಳವಡಿಸುವುದು ಸೂಕ್ತ. ಗೋಡೆ ಹೆಂಚಿನವರೆಗೆ ಮುಟ್ಟದಿದ್ದಲ್ಲಿ ಮಾಡಿದ ಖರ್ಚು ವ್ಯರ್ಥವಾಗುತ್ತದೆ. ಹಳೆಯ ಆಸ್ಬೆಸ್ಟಾಸ್ ಶೀಟುಗಳನ್ನು ಕೊರೆಯುವುದಾಗಲಿ ಮುರಿಯುವುದಾಗಲಿ ಮಾಡಬಾರದು.

ಶಾಲೆ, ಕಲ್ಯಾಣ ಮಂಟಪ, ಗೋದಾಮು ಮುಂತಾದ ಕಟ್ಟಡಗಳಿಗಾಗಿ ಅರ್ಜಿ ಸಲ್ಲಿಸುವವರು ರಚನೆಯ ನಕ್ಷೆ ಸಹಿತವಾದ ಪರೀಕ್ಷಾ ವರದಿಯ ಪ್ರತಿ, ಖರೀದಿ ರಸೀದಿ ಹಾಗೂ ಸಂದುಗಳನ್ನು ಮುಚ್ಚುವ ಮುನ್ನ ತೆಗೆಸಿದ ಛಾಯಾಚಿತ್ರಗಳನ್ನು ಇಟ್ಟುಕೊಂಡಿದ್ದಲ್ಲಿ ಸ್ಥಳ ಪರಿಶೀಲನೆಗೆ ಅನುಕೂಲವಾಗುವುದು. ಬಣ್ಣ ಬಳಿದ ನಂತರ ಒಳಗಿರುವುದು ಯಾವ ಹಲಗೆ, ಎಷ್ಟು ಪದರ ಎಂಬುದನ್ನು ನೋಡಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಬೆಂಕಿ ಅನಾಹುತ ಸಂಭವಿಸಿದಲ್ಲಿ ದೂರವಾಣಿ ಸಂಖ್ಯೆ 101 ಅಥವಾ 112ಕ್ಕೆ ಕೂಡಲೇ ಕರೆ ಮಾಡಲು ಸಾರ್ವಜನಿಕರನ್ನು ಕೋರಲಾಗಿದೆ.