ಔಷಧ ಚೀಟಿಯಲ್ಲಿ ಉದ್ಯಾನವನ

ಮಗನ ಅಥವಾ ಮಗಳ ಮನೆಗೆಂದು ವಿದೇಶಕ್ಕೆ ಹೊರಡುವ ಹಿರಿಯರು ಪ್ರಯಾಣಕ್ಕೆ ಮುನ್ನ ವೈದ್ಯರ ಬಳಿ ಬರುವುದು ವಾಡಿಕೆ. ಆರು ತಿಂಗಳಿಗೆ ಸಾಕಾಗುವಷ್ಟು ಮಾತ್ರೆ ಬರೆಸಿಕೊಳ್ಳುತ್ತಾರೆ, ಇಸಿಜಿ ಮಾಡಿಸುತ್ತಾರೆ. ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಳ್ಳುವುದನ್ನೂ ಮರೆಯುವುದಿಲ್ಲ. ಆದರೆ ಹಲವರು ಒಂದನ್ನು ಇಲ್ಲಿಯೇ ಬಿಟ್ಟು ಹೋಗುತ್ತಾರೆ. ಅದೇ ದಿನನಿತ್ಯದ ನಡಿಗೆ. ಅಲ್ಲಿ ಮಕ್ಕಳು ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಟಿ.ವಿ. ಮುಂದೆ ಕುಳಿತರೆ ಸಂಜೆಯವರೆಗೂ ಅಷ್ಟೆ. ಹೀಗೆ ಕಳೆದವರು ಹಿಂದಿರುಗುವಾಗ ತೂಕ ಹೆಚ್ಚಿರುತ್ತದೆ, ರಕ್ತದ ಸಕ್ಕರೆ ಏರಿರುತ್ತದೆ, ಮಂಡಿ ಹಿಡಿದಿರುತ್ತದೆ, ಮನಸ್ಸೂ ಮಂಕಾಗಿರುತ್ತದೆ.

ಕನ್ನಡಿಗರ ಸಂಸಾರಗಳು ನೆಲೆಸಿರುವ ಕೆನಡಾದ ವ್ಯಾಂಕೂವರ್ ನಗರಕ್ಕೆ ಹೋಗುವವರಂತೂ ಹೀಗೆ ಮನೆಯೊಳಗೆ ಕೂರಲೇಬಾರದು. ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟಸಾಲು, ನಡುವೆ ಹತ್ತಾರು ಉದ್ಯಾನಗಳಿರುವ ಊರದು. ಅಲ್ಲಿನ ವೈದ್ಯರು ಉದ್ಯಾನವನವನ್ನೇ ಔಷಧದಂತೆ ಚೀಟಿಯಲ್ಲಿ ಬರೆದುಕೊಡುತ್ತಾರೆ ಎಂದರೆ ಓದುಗರಿಗೆ ಅಚ್ಚರಿಯಾಗಬಹುದು.

ವಾರಕ್ಕೆ ಎರಡು ಗಂಟೆ

ವ್ಯಾಂಕೂವರಿನ ಕುಟುಂಬ ವೈದ್ಯೆ ಡಾ. ಮೆಲಿಸ್ಸಾ ಲೆಮ್ ಅವರ ನೇತೃತ್ವದಲ್ಲಿ 2020ರ ನವೆಂಬರಿನಲ್ಲಿ ಈ ಯೋಜನೆ ಆರಂಭವಾಯಿತು. ಮುಂದೆ ಕೆನಡಾದ ಎಲ್ಲ ಪ್ರಾಂತ್ಯಗಳಿಗೂ ಹಬ್ಬಿತು. ಅದರ ಪ್ರಮಾಣ ಸರಳ: ವಾರಕ್ಕೆ ಒಟ್ಟು ಎರಡು ಗಂಟೆ, ಒಂದು ಸಲಕ್ಕೆ ಕನಿಷ್ಠ 20 ನಿಮಿಷ ಹಸಿರಿನ ನಡುವೆ ಕಳೆಯಬೇಕು.

2019ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಸುಮಾರು 20,000 ಜನರನ್ನು ಒಳಗೊಂಡ ಅಧ್ಯಯನವೊಂದು ಇದೇ ಪ್ರಮಾಣವನ್ನು ಸೂಚಿಸಿತ್ತು. ವಾರಕ್ಕೆ 120 ನಿಮಿಷ ಅಥವಾ ಹೆಚ್ಚು ಕಾಲ ಪ್ರಕೃತಿಯ ನಡುವೆ ಕಳೆದವರಲ್ಲಿ ತಮ್ಮ ಆರೋಗ್ಯ ಚೆನ್ನಾಗಿದೆ ಎಂದವರು ಹೆಚ್ಚಾಗಿದ್ದರು. ಆರೋಗ್ಯವಂತರೇ ಉದ್ಯಾನಕ್ಕೆ ಹೆಚ್ಚಾಗಿ ಹೋಗುತ್ತಿರಬಹುದಲ್ಲ ಎಂಬ ಪ್ರಶ್ನೆ ಸಹಜ. ಆ ಸಂದೇಹಕ್ಕೆ ಈ ಅಧ್ಯಯನದಲ್ಲಿ ಪೂರ್ಣ ಉತ್ತರವಿಲ್ಲ. ಆದರೆ ನಡಿಗೆಯಿಂದ ಊಟದ ನಂತರದ ಸಕ್ಕರೆ ಇಳಿಯುತ್ತದೆ, ರಕ್ತದೊತ್ತಡ ಹತೋಟಿಗೆ ಬರುತ್ತದೆ, ನಿದ್ರೆ ಸುಧಾರಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಯಾರಿಗೆ ಯಾವ ಉದ್ಯಾನ?

ಮಂಡಿನೋವು ಇರುವವರಿಗೆ ಸಮತಟ್ಟಾದ ದಾರಿ ಬೇಕು. 1888ರಲ್ಲಿ ತೆರೆದ ಸ್ಟಾನ್ಲಿ ಪಾರ್ಕ್ ಸುಮಾರು 400 ಹೆಕ್ಟೇರ್ ವಿಸ್ತಾರದ, ಮೂರು ಕಡೆ ನೀರಿರುವ ಕಾಡು. ಅದನ್ನು ಸುತ್ತುವರಿದ ಕಡಲಗೋಡೆಯ ಹಾದಿ ಒಂಬತ್ತು-ಹತ್ತು ಕಿಲೋಮೀಟರ್ ಉದ್ದವಿದೆ. ಮೊದಲ ದಿನವೇ ಪೂರ್ತಿ ಸುತ್ತುವ ಉತ್ಸಾಹ ಬೇಡ. ಉದ್ಯಾನದ ಅಂಚಿನಲ್ಲಿರುವ ಲಾಸ್ಟ್ ಲಗೂನ್ ಎಂಬ ಕೊಳದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಸಾಕು. ಕಡಲಗೋಡೆಯ ಮೇಲೆ ಪಾದಚಾರಿಗಳಿಗೆ ನೀರಿನ ಬದಿಯ ದಾರಿ, ಸೈಕಲ್ಲುಗಳಿಗೆ ಒಳಬದಿಯ ದಾರಿ. ಸೈಕಲ್ಲಿನವರು ವೇಗವಾಗಿ ಬರುತ್ತಾರಾದ್ದರಿಂದ ಮಾತಿನ ಭರದಲ್ಲಿ ಅತ್ತ ಕಾಲಿಡಬಾರದು.

ಸ್ವಲ್ಪ ಏರು ನಡೆಯಬಲ್ಲವರಿಗೆ ಕ್ವೀನ್ ಎಲಿಜಬೆತ್ ಪಾರ್ಕ್ ಸೂಕ್ತ. ಹಿಂದೆ ಕಲ್ಲುಗಣಿಯಾಗಿದ್ದ ಈ ಜಾಗ ಇಂದು ಹೂದೋಟ. ನಗರದ ಅತಿ ಎತ್ತರದ ತಾಣವೂ ಇದೇ. ಇಲ್ಲಿನ ಬ್ಲೋಡೆಲ್ ಗಾಜಿನ ಗುಮ್ಮಟ 1969ರಲ್ಲಿ ತೆರೆಯಿತು. ಒಳಗೆ ಉಷ್ಣವಲಯದ ಗಿಡಗಳಿವೆ, ಹಕ್ಕಿಗಳು ಸ್ವತಂತ್ರವಾಗಿ ಹಾರಾಡುತ್ತವೆ. ಟಿಕೆಟ್ ಕೊಳ್ಳಬೇಕು. ಹೊರಗೆ ಮಳೆ, ಚಳಿ ಇದ್ದಾಗ ಬೆಚ್ಚಗೆ ಅರ್ಧ ಗಂಟೆ ಓಡಾಡಬಹುದು. ಹಿಂದೆ ಗಾಲ್ಫ್ ಮೈದಾನವಾಗಿದ್ದ ಜಾಗದಲ್ಲಿ 1975ರಲ್ಲಿ ಆರಂಭವಾದ ವ್ಯಾನ್‌ಡ್ಯೂಸನ್ ಸಸ್ಯೋದ್ಯಾನವೂ ಇದೇ ಊರಿನಲ್ಲಿದೆ.

ಬೆಟ್ಟದ ದಾರಿಗಳ ವಿಷಯ ಬೇರೆ. ನಗರದ ಉತ್ತರದಲ್ಲಿರುವ ಗ್ರೌಸ್ ಬೆಟ್ಟದ ಎತ್ತರ ಸುಮಾರು 1,230 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಬಹಳ ಕಡಿಮೆ. ಇಲ್ಲಿ ಉಸಿರು ಕಟ್ಟಿಸುವುದು ಎತ್ತರವಲ್ಲ, ಏರು. ಗ್ರೌಸ್ ಗ್ರೈಂಡ್ ಎಂಬ ಕಾಲುದಾರಿ ಮೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಸುಮಾರು 800 ಮೀಟರ್ ಮೇಲೇರುತ್ತದೆ. ಅದು ಹತ್ತಲು ಮಾತ್ರ ಇರುವ ದಾರಿ, ಅರ್ಧದಲ್ಲಿ ಸಾಕೆನಿಸಿದರೆ ತಿರುಗಿ ಬರುವುದು ಸುಲಭವಲ್ಲ. ಹೃದ್ರೋಗಿಗಳು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಮಕ್ಕಳ ಒತ್ತಾಯಕ್ಕೆ ಮಣಿದು ಅದನ್ನು ಹತ್ತಬಾರದು. ಮೇಲಕ್ಕೆ ಕೇಬಲ್ ಗಾಡಿಯಿದೆ.

ಋತುಮಾನ ತಿಳಿದು ನಡೆಯಿರಿ

ನವೆಂಬರಿನಿಂದ ಮಾರ್ಚಿಯವರೆಗೆ ಅಲ್ಲಿ ಜಿಟಿಜಿಟಿ ಮಳೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಬೆಳಗಿನ ಜಾವದ ನಡಿಗೆಯ ಅಭ್ಯಾಸವನ್ನು ಮಧ್ಯಾಹ್ನಕ್ಕೆ ಬದಲಿಸಿಕೊಳ್ಳಿ. ಹಗಲಿನ ಬೆಳಕು ಮನಸ್ಸಿನ ಮಂಕನ್ನು ಕಳೆಯಲು ನೆರವಾಗುತ್ತದೆ. ಆದರೆ ಅಲ್ಲಿನ ಚಳಿಗಾಲದ ಓರೆ ಬಿಸಿಲಿನಿಂದ ಚರ್ಮದಲ್ಲಿ ಸಾಕಷ್ಟು 'ಡಿ' ಜೀವಸತ್ವ ತಯಾರಾಗದು. ಮಾತ್ರೆ ಬೇಕೇ ಎಂದು ಹೊರಡುವ ಮುನ್ನವೇ ನಿಮ್ಮ ವೈದ್ಯರನ್ನು ಕೇಳಿ. ಬಿರುಗಾಳಿಯ ದಿನ ಕಾಡಿನ ಹಾದಿಗೆ ಹೋಗಬೇಡಿ. 2006ರ ಡಿಸೆಂಬರಿನ ಬಿರುಗಾಳಿಗೆ ಸ್ಟಾನ್ಲಿ ಪಾರ್ಕಿನಲ್ಲಿ ಸುಮಾರು 10,000 ಮರಗಳು ಉರುಳಿದ್ದವು.

ತಂಪಿನ ನಾಡೆಂದು ಬೇಸಿಗೆಯನ್ನೂ ಉದಾಸೀನ ಮಾಡುವಂತಿಲ್ಲ. 2021ರ ಜೂನ್ ಕೊನೆಯಲ್ಲಿ ಬೀಸಿದ ಬಿಸಿಗಾಳಿಗೆ ಆ ಪ್ರಾಂತ್ಯದಲ್ಲಿ 619 ಮಂದಿ ಸತ್ತರು. ಅವರಲ್ಲಿ ಮೂರನೇ ಎರಡು ಭಾಗ 70 ವರ್ಷ ದಾಟಿದವರು, ಅರ್ಧಕ್ಕಿಂತ ಹೆಚ್ಚು ಮಂದಿ ಒಂಟಿಯಾಗಿ ವಾಸಿಸುತ್ತಿದ್ದವರು. ನೂರಕ್ಕೆ 98 ಮಂದಿ ಸತ್ತದ್ದು ಬಿಸಿಲಿನಲ್ಲಲ್ಲ, ನಾಲ್ಕು ಗೋಡೆಗಳ ಒಳಗೆ. ಹಸಿರು ಕಡಿಮೆ ಇದ್ದ ಬಡಾವಣೆಗಳಲ್ಲಿ ಅಪಾಯ ಹೆಚ್ಚಾಗಿತ್ತೆಂದು ಅನಂತರದ ಅಧ್ಯಯನದಿಂದ ತಿಳಿದುಬಂತು. ಮರದ ನೆರಳೆಂಬುದು ಕೇವಲ ಅಲಂಕಾರವಲ್ಲ. ಸೆಕೆಗಾಲದಲ್ಲಿ ಮನೆ ಕಾದಿದ್ದರೆ ಎ.ಸಿ. ಇರುವ ಕಡೆಗೆ ಅಥವಾ ನೆರಳಿನ ಉದ್ಯಾನಕ್ಕೆ ಹೋಗಿ, ನೀರು ಕುಡಿಯುತ್ತಿರಿ. ಕಾಳ್ಗಿಚ್ಚಿನ ಹೊಗೆ ಕವಿದ ದಿನ ಮಾತ್ರ ಆಸ್ತಮಾ ರೋಗಿಗಳು ಹೊರಗೆ ನಡೆಯುವುದು ಬೇಡ.

ಗಮನದಲ್ಲಿರಲಿ

* ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ನಡೆಯಬಾರದು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ.

* ಕೆನಡಾದಲ್ಲಿ ರಕ್ತದ ಸಕ್ಕರೆಯನ್ನು ಬೇರೆ ಮಾನದಲ್ಲಿ ಹೇಳುತ್ತಾರೆ. ಅಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಅಲ್ಲಿಯ 7 ಎಂದರೆ ನಮ್ಮ 126. ಅಲ್ಲಿಯ 4ಕ್ಕಿಂತ ಕೆಳಗಿಳಿದರೆ ಸಕ್ಕರೆ ಕಡಿಮೆಯಾಗಿದೆ ಎಂದರ್ಥ.

* ಚಳಿಗೆ ರಕ್ತನಾಳಗಳು ಕುಗ್ಗಿ ಹೃದಯಕ್ಕೆ ಶ್ರಮ ಹೆಚ್ಚುತ್ತದೆ. ಟೋಪಿ, ಕೈಗವಸು ಧರಿಸಿ. ಎದೆ ಬಿಗಿದರೆ ಅಲ್ಲೇ ಕುಳಿತುಕೊಳ್ಳಿ. ವೈದ್ಯರು ಕೊಟ್ಟಿದ್ದರೆ ನಾಲಿಗೆಯಡಿಯ ಮಾತ್ರೆ ಇಟ್ಟುಕೊಳ್ಳಿ. ತಕ್ಷಣ 911ಕ್ಕೆ ಫೋನ್ ಮಾಡಿ.

* ಒದ್ದೆ ಎಲೆಗಳ ಮೇಲೆ ಚಪ್ಪಲಿ ಜಾರುತ್ತದೆ. ಹಿಡಿತವಿರುವ ಷೂ ಬೇಕು.

* ಮನೆಯ ವಿಳಾಸ, ಮಕ್ಕಳ ಫೋನ್ ನಂಬರು, ಮಾತ್ರೆಗಳ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ.

ಮಕ್ಕಳಿಗೂ ಒಂದು ಮಾತು. ಅಪ್ಪ-ಅಮ್ಮನನ್ನು ವಾರಾಂತ್ಯದಲ್ಲಿ ಕಾರಿನಲ್ಲಿ ದೂರದ ಪ್ರವಾಸಿ ತಾಣಕ್ಕೆ ಕರೆದೊಯ್ಯುವುದು ಸಂತೋಷವೇ. ಆದರೆ ಅವರ ಆರೋಗ್ಯಕ್ಕೆ ಹೆಚ್ಚು ಬೇಕಾದದ್ದು ಮನೆಯ ಹತ್ತಿರದ ಸಣ್ಣ ಉದ್ಯಾನ ಮತ್ತು ಅಲ್ಲಿಗೆ ತಾವಾಗಿಯೇ ಹೋಗಿಬರುವ ಧೈರ್ಯ. ಮೊದಲ ವಾರ ಜೊತೆಗೆ ಹೋಗಿ ದಾರಿ ತೋರಿಸಿ, ರಸ್ತೆ ದಾಟುವ ದೀಪ, ಬಸ್ಸಿನ ನಂಬರು, ಕೂರುವ ಬೆಂಚು ಪರಿಚಯ ಮಾಡಿಸಿ. ಎರಡನೆಯ ವಾರದಿಂದ ಅವರೇ ಹೋಗುತ್ತಾರೆ. ಅಲ್ಲಿ ದಿನವೂ ಕಾಣುವ ನಾಲ್ಕು ಮುಖಗಳಿಗೆ ನಮಸ್ಕಾರ ಹೇಳುವಷ್ಟು ಪರಿಚಯವಾದರೆ ಒಂಟಿತನವೂ ಅರ್ಧ ವಾಸಿಯಾದಂತೆ.