ಕನ್ನಡ ಸಬ್ಜೆಕ್ಟ್ ಲೈನ್ ಒಡೆಯೋದು ಯಾಕೆ? ಒಂದು ಇಮೇಲ್ ಲೈಬ್ರರಿಯ ತಿದ್ದುಪಡಿ

ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಓರಣವಾಗಿ ಬರೆದಿದ್ದೇನೆ. ಲೆಕ್ಕಗಳನ್ನು ಕೇಳೋದಕ್ಕಿಂತ ಓದೋದು ಸುಲಭ ಅಂತ ಹಲವರು ಹೇಳಿದ್ದರು.

ನಾನು ಕೆಲಸ ಮಾಡೋದು ವಿಶಾಖಪಟ್ಟಣದ ಹತ್ತಿರ, ಪರವಾಡದಲ್ಲಿ. ಒಂದು ಕಡೆ ಫಾರ್ಮಾ ಸಿಟಿ, ಇನ್ನೊಂದು ಕಡೆ ಸಿಂಹಾದ್ರಿ ವಿದ್ಯುತ್ ಸ್ಥಾವರ. ಇಲ್ಲಿನ ಕಾರ್ಖಾನೆಗಳಿಗೆ ನಾವು ಮಾಡಿಕೊಡೋ ಸಾಫ್ಟ್‌ವೇರ್ ಪಾಳಿ ಬದಲಾವಣೆ, ಕೆಲಸದ ಪರವಾನಗಿ, ಸುರಕ್ಷತಾ ಸೂಚನೆಗಳನ್ನು ಮೇಲ್ ಮೂಲಕ ಕಳಿಸುತ್ತೆ. ಅಪಾಯ ಆದಾಗ ಯಾರೂ ಮೇಲ್ ನೋಡ್ತಾ ಕೂರಲ್ಲ, ಅದಕ್ಕೆ ಸೈರನ್ನೇ ಬೇಕು. ಆದರೆ "ನಾಳೆ ಈ ಟ್ಯಾಂಕ್ ಒಳಗೆ ಇಳಿಯಬೇಡಿ" ಅನ್ನೋ ಸೂಚನೆ ಬರೋದು ಮೇಲ್‌ನಲ್ಲೇ. ಓದೋರಲ್ಲಿ ತೆಲುಗಿನವರು, ಒಡಿಯಾದವರು, ಕರ್ನಾಟಕದ ಘಟಕಗಳಲ್ಲಿ ಕನ್ನಡದವರು ಎಲ್ಲರೂ ಇದ್ದಾರೆ. ಆ ಸೂಚನೆಯ ತಲೆಬರಹವೇ ಒಡೆದುಹೋಗಿ ಬಂದರೆ, ಅದು ಯಾವುದೋ ಕಸದ ಮೇಲ್ ಅಂತ ಅಳಿಸಿಬಿಡ್ತಾರೆ. ನಮ್ಮಲ್ಲಿ ಹಾಗೇ ಆಗ್ತಿತ್ತು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಾವು ಬಳಸ್ತಿದ್ದ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿ.

ಮೊದಲು ಹಿನ್ನೆಲೆ. ಇಮೇಲ್‌ನ ಮೂಲ ನಿಯಮಗಳು 1982ರವು, ಆರ್‌ಎಫ್‌ಸಿ 821 ಮತ್ತು 822. ಆಗ ತಲೆಬರಹದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಮಾತ್ರ. ಬೇರೆ ಭಾಷೆಗಳಿಗೆ ದಾರಿ ಮಾಡಿಕೊಟ್ಟದ್ದರಲ್ಲಿ ಮುಖ್ಯವಾದದ್ದು 1996ರ ಆರ್‌ಎಫ್‌ಸಿ 2047. ಅದರ ಉಪಾಯ ಇಷ್ಟೇ: ಕನ್ನಡ ಪಠ್ಯವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಬದಲಿಸಿ ಒಂದು ಪೊಟ್ಟಣ ಕಟ್ಟು, ಪೊಟ್ಟಣದ ಮೇಲೆ ಇದು ಯುಟಿಎಫ್-8, ಇದನ್ನು ಬೇಸ್64ರಲ್ಲಿ ಬರೆದಿದೆ ಅಂತ ಚೀಟಿ ಅಂಟಿಸು. ಇದಕ್ಕೆ ಎನ್‌ಕೋಡೆಡ್ ವರ್ಡ್ ಅಂತ ಹೆಸರು.

ಈ ಪೊಟ್ಟಣಕ್ಕೆ ಎರಡು ಕಟ್ಟುನಿಟ್ಟಿನ ನಿಯಮ ಇದೆ. ಒಂದು, ಅದರ ಒಟ್ಟು ಉದ್ದ 75 ಅಕ್ಷರ ಮೀರಬಾರದು. ಪಠ್ಯ ಉದ್ದ ಇದ್ದರೆ ಹಲವು ಪೊಟ್ಟಣ ಮಾಡಬೇಕು. ಎರಡು, ಪ್ರತಿ ಪೊಟ್ಟಣದಲ್ಲೂ ಪೂರ್ಣ ಅಕ್ಷರಗಳೇ ಇರಬೇಕು. ಒಂದು ಅಕ್ಷರದ ಅರ್ಧ ಬೈಟುಗಳು ಇಲ್ಲಿ, ಇನ್ನರ್ಧ ಅಲ್ಲಿ ಅನ್ನೋ ಹಾಗಿಲ್ಲ.

ಈಗ ಲೆಕ್ಕ ಮಾಡೋಣ. ಮೇಲಿನ ಚೀಟಿಗೇ 12 ಅಕ್ಷರ ಹೋಗುತ್ತೆ, ಉಳಿಯೋದು 63. ಬೇಸ್64 ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಬರೆಯುತ್ತೆ, ಹಾಗಾಗಿ ನಾಲ್ಕರ ಗುಣಕ ಬೇಕು: 60. ಅಂದರೆ ಒಂದು ಪೊಟ್ಟಣಕ್ಕೆ 45 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಕಾಗುಣಿತದ ಚಿಹ್ನೆಗೂ ಪ್ರತ್ಯೇಕವಾಗಿ 3 ಬೈಟ್. ತೆಲುಗಿಗೂ ಇದೇ ಲೆಕ್ಕ. 45ನ್ನು 3ರಿಂದ ಭಾಗಿಸಿದರೆ ಸರಿಯಾಗಿ 15. ಎಲ್ಲಾ ಸರಿ ಇದೆ ಅಲ್ವಾ?

ಇಲ್ಲ, ಯಾಕಂದ್ರೆ ಪದಗಳ ನಡುವೆ ಖಾಲಿ ಜಾಗ ಇರುತ್ತೆ, ಅದಕ್ಕೆ 1 ಬೈಟ್. "ನಾಳೆಯ ಪಾಳಿ ಬದಲಾವಣೆ ಸೂಚನೆ" ಅನ್ನೋ ತಲೆಬರಹ ತಗೊಳ್ಳಿ. "ನಾಳೆಯ" 5 ಸಂಕೇತ, "ಪಾಳಿ" 4 ಸಂಕೇತ, ಎರಡು ಖಾಲಿ ಜಾಗ: ಇಲ್ಲಿಗೆ 29 ಬೈಟ್. "ಬದಲಾವ" ಅನ್ನೋವಷ್ಟರಲ್ಲಿ 44. ಉಳಿದದ್ದು ಒಂದೇ ಬೈಟ್. ಕಣ್ಣು ಮುಚ್ಚಿ 45ಕ್ಕೆ ಕತ್ತರಿಸಿದರೆ "ಣ" ಅಕ್ಷರದ ಒಂದು ಬೈಟ್ ಮೊದಲ ಪೊಟ್ಟಣದಲ್ಲಿ, ಎರಡು ಬೈಟ್ ಮುಂದಿನದರಲ್ಲಿ. ಓದುವವರ ಪರದೆಯಲ್ಲಿ "ಬದಲಾವ" ಆದ ಮೇಲೆ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆಗಳು, ಆಮೇಲೆ ಯಾವ ಅಕ್ಷರಕ್ಕೂ ಅಂಟದ ಒಂದು ಒಂಟಿ ಎತ್ವ.

ಆ ಲೈಬ್ರರಿ ಮಾಡ್ತಿದ್ದದ್ದು ಇದನ್ನೇ. ಹಾಗಾದರೆ ಇಷ್ಟು ವರ್ಷ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಅದರ ಪರೀಕ್ಷೆಗಳಲ್ಲಿ ಇದ್ದದ್ದು ಚೀನೀ ಪಠ್ಯ. ಚೀನೀ ಅಕ್ಷರಗಳಿಗೂ ಸಾಮಾನ್ಯವಾಗಿ 3 ಬೈಟ್, ಆದರೆ ಆ ಬರಹದಲ್ಲಿ ಪದಗಳ ನಡುವೆ ಜಾಗ ಬಿಡಲ್ಲ. ಹಾಗಾಗಿ 45ಕ್ಕೆ ಕತ್ತರಿಸಿದರೂ ಕತ್ತರಿ ಸರಿಯಾಗಿ ಅಕ್ಷರದ ಅಂಚಿಗೇ ಬೀಳ್ತಿತ್ತು. ಕನ್ನಡದಲ್ಲೂ ಮೊದಲ 45 ಬೈಟಿನೊಳಗೆ ಮೂರು ಖಾಲಿ ಜಾಗ ಇದ್ದರೆ ಅಲ್ಲಿ ಒಡೆಯಲ್ಲ. ಒಂದೋ ಎರಡೋ ಇದ್ದರೆ ಒಡೆಯುತ್ತೆ. "ಕೆಲವು ಸಲ ಮಾತ್ರ ಬರುತ್ತೆ, ಯಾಕೋ ಗೊತ್ತಿಲ್ಲ" ಅಂತ ಬಳಕೆದಾರರು ಹೇಳ್ತಿದ್ದದ್ದು ಇದಕ್ಕೇ.

ತಿದ್ದುಪಡಿ ಸರಳ. ಬೈಟ್ ಎಣಿಸಿ ಕತ್ತರಿಸೋ ಬದಲು ಒಂದೊಂದೇ ಸಂಕೇತ ಸೇರಿಸ್ತಾ ಹೋಗೋದು. ಮುಂದಿನದು ಸೇರಿದರೆ 45 ಮೀರುತ್ತೆ ಅನ್ನೋವಾಗ ಆ ಪೊಟ್ಟಣ ಮುಚ್ಚಿ ಹೊಸದು ತೆರೆಯೋದು. ಇನ್ನೊಂದು ಸೂಕ್ಷ್ಮ ಇದೆ. ಅಕ್ಕಪಕ್ಕದ ಎರಡು ಪೊಟ್ಟಣಗಳ ನಡುವಿನ ಖಾಲಿ ಜಾಗವನ್ನು ತೋರಿಸುವಾಗ ಕೈಬಿಡಬೇಕು ಅಂತ ನಿಯಮ. ಹಾಗಾಗಿ ಪದಗಳ ನಡುವಿನ ಜಾಗ ಪೊಟ್ಟಣದ ಒಳಗೇ ಇರಬೇಕು, ಇಲ್ಲದಿದ್ದರೆ "ನಾಳೆಯಪಾಳಿ" ಆಗುತ್ತೆ. ಒತ್ತಕ್ಷರದ ನಡುವೆ ಪೊಟ್ಟಣ ಬದಲಾದರೆ ತೊಂದರೆಯಿಲ್ಲ, ಓದುವ ಕಡೆ ಅವು ಮತ್ತೆ ಕೂಡಿಕೊಳ್ಳುತ್ತವೆ.

ಕೋಡ್ ಬರೆಯೋದಕ್ಕಿಂತ ಒಪ್ಪಿಸೋದೇ ಕಷ್ಟ ಆಯ್ತು. "ನನ್ನ ಮೇಲ್ ಆ್ಯಪ್‌ನಲ್ಲಿ ಸರಿಯಾಗೇ ಕಾಣ್ತಿದೆಯಲ್ಲ" ಅನ್ನೋದು ಮೊದಲ ಉತ್ತರ. ನಿಜ. ಕೆಲವು ಆ್ಯಪ್‌ಗಳು ಎಲ್ಲಾ ಪೊಟ್ಟಣಗಳ ಬೈಟುಗಳನ್ನು ಮೊದಲು ಜೋಡಿಸಿ ಆಮೇಲೆ ಓದುತ್ತವೆ, ಅವುಗಳಲ್ಲಿ ತಪ್ಪು ಮುಚ್ಚಿಹೋಗುತ್ತೆ. ಪೊಟ್ಟಣಕ್ಕೊಂದರಂತೆ ಓದೋ ಆ್ಯಪ್‌ಗಳಲ್ಲಿ ಒಡೆಯುತ್ತೆ, ಅವು ನಿಯಮದಂತೆಯೇ ನಡೆಯುತ್ತಿವೆ. ಜಾನ್ ಪೋಸ್ಟೆಲ್ 1980ರಲ್ಲಿ ಹೇಳಿದ ತತ್ವ ಎಲ್ಲರಿಗೂ ಗೊತ್ತು: ಕಳಿಸುವಾಗ ಕಟ್ಟುನಿಟ್ಟಾಗಿರು, ತಗೊಳ್ಳುವಾಗ ಉದಾರವಾಗಿರು. ನಾವು ಎರಡನೇ ಅರ್ಧವನ್ನು ನೆನಪಿಟ್ಟು ಮೊದಲನೆಯದನ್ನು ಮರೀತೀವಿ. ಈ ಉದಾರತೆಯೇ ತಪ್ಪುಗಳನ್ನು ವರ್ಷಗಟ್ಟಲೆ ಸಾಕುತ್ತೆ ಅಂತ 2023ರ ಆರ್‌ಎಫ್‌ಸಿ 9413 ಎಚ್ಚರಿಸಿದೆ.

ಇದಕ್ಕಿಂತ ದೊಡ್ಡ ಚರ್ಚೆ ಆದದ್ದು ವಿಳಾಸದ ಬಗ್ಗೆ. ಪೊಟ್ಟಣ ಕಟ್ಟೋ ಉಪಾಯ ತಲೆಬರಹಕ್ಕೆ, ಕಳಿಸಿದವರ ಹೆಸರಿಗೆ ಸರಿ. ವಿಳಾಸದ ಒಳಗೆ ನಿಷಿದ್ಧ. ಡಾಟ್ ಭಾರತದಂಥ ಕನ್ನಡ ಡೊಮೇನ್‌ಗೆ ಪ್ಯುನಿಕೋಡ್ ಅನ್ನೋ ಇಂಗ್ಲಿಷ್ ಅಕ್ಷರದ ರೂಪ ಇದೆ. ಆದರೆ ಅಟ್ ಚಿಹ್ನೆಯ ಎಡಕ್ಕೆ ಕನ್ನಡ ಹೆಸರಿದ್ದರೆ ಅದಕ್ಕೆ ಅಂಥ ಬದಲಿ ರೂಪವೇ ಇಲ್ಲ. 2012ರಲ್ಲಿ ಬಂದ ಆರ್‌ಎಫ್‌ಸಿ 6530, 6531, 6532 ಹೇಳೋ ಪ್ರಕಾರ ಅದನ್ನು ಯುಟಿಎಫ್-8ರಲ್ಲೇ ಕಳಿಸಬೇಕು, ಎದುರಿನ ಸರ್ವರ್ ಎಸ್‌ಎಮ್‌ಟಿಪಿಯುಟಿಎಫ್8 ಒಪ್ಪುತ್ತೇನೆ ಅಂತ ಮೊದಲೇ ಹೇಳಿರಬೇಕು. ಜಿಮೇಲ್ ಇಂಥ ವಿಳಾಸಗಳಿಗೆ ಬೆಂಬಲ ಕೊಟ್ಟದ್ದು 2014ರಲ್ಲಿ.

ನಮ್ಮ ಲೈಬ್ರರಿ ವಿಳಾಸಕ್ಕೂ ಪೊಟ್ಟಣ ಕಟ್ಟಿ ಕಳಿಸಿಬಿಡ್ತಿತ್ತು. ಪೈಥಾನ್‌ನ ಇಮೇಲ್ ಮಾಡ್ಯೂಲ್‌ನಲ್ಲೂ ಇದೇ ದೋಷ ಇತ್ತು. ಅಲ್ಲಿ ಹುಡುಕಿಕೊಂಡ ದಾರಿಯೇ ನನಗೂ ಸರಿ ಅನಿಸಿತು: ಯುಟಿಎಫ್-8 ಒಪ್ಪದ ವ್ಯವಸ್ಥೆಯಲ್ಲಿ ಇಂಥ ವಿಳಾಸ ಬಂದರೆ ಕಳಿಸದೆ ಎರರ್ ಕೊಡೋದು.

"ಇಷ್ಟು ದಿನ ಹೋಗ್ತಿದ್ದ ಮೇಲ್ ಈಗ ಎರರ್ ಕೊಡ್ತಿದೆ, ಇದು ಹಿಂಜರಿಕೆ ಅಲ್ವಾ?" ಅಂತ ಕೇಳಿದರು. ಹೋಗ್ತಿತ್ತು, ಆದರೆ ಎಲ್ಲಿಗೆ? ಆ ಸಂಕೇತದ ಹೆಸರಿನ ಪೆಟ್ಟಿಗೆ ಯಾರದ್ದೂ ಅಲ್ಲ. ಕಳಿಸಿದವರು ತಲುಪಿದೆ ಅಂದುಕೊಳ್ತಾರೆ, ಪಡೆಯಬೇಕಾದವರಿಗೆ ಬಂದೇ ಇರಲ್ಲ. ಎರರ್ ಬಂದರೆ ಕನಿಷ್ಠ ಮೇಲ್ವಿಚಾರಕರು ಫೋನ್ ಮಾಡ್ತಾರೆ. ಟ್ಯಾಂಕ್‌ಗೆ ಇಳಿಯೋ ಮನುಷ್ಯನ ಕಡೆಯಿಂದ ನೋಡಿದರೆ ಆಯ್ಕೆ ಕಷ್ಟ ಇಲ್ಲ. ಕೊನೆಗೆ ಒಂದು ಆವೃತ್ತಿಯಲ್ಲಿ ಎಚ್ಚರಿಕೆ, ಮುಂದಿನದರಲ್ಲಿ ಎರರ್ ಅಂತ ಒಪ್ಪಂದ ಆಯ್ತು.

ನೀವೂ ನಿಮ್ಮ ಪ್ರಾಜೆಕ್ಟ್‌ನಲ್ಲಿ ಒಂದು ಪರೀಕ್ಷೆ ಮಾಡಿ. 60 ಬೈಟಿಗಿಂತ ಉದ್ದದ ಕನ್ನಡ ತಲೆಬರಹ ಬರೀರಿ. ಮೊದಲ ಭಾಗದಲ್ಲಿ ಖಾಲಿ ಜಾಗ ಸೊನ್ನೆ, ಒಂದು, ಎರಡು, ಮೂರು ಇರೋ ಹಾಗೆ ನಾಲ್ಕು ಮಾದರಿ. ಆ್ಯಪ್‌ನಲ್ಲಿ ನೋಡಿ ಸುಮ್ಮನಾಗಬೇಡಿ, ಮೇಲ್‌ನ ಮೂಲ ರೂಪ ತೆರೆದು ಪ್ರತಿ ಪೊಟ್ಟಣವನ್ನೂ ಬೇರೆ ಬೇರೆಯಾಗಿ ಡಿಕೋಡ್ ಮಾಡಿ. ಯಾವುದಾದರೂ ಒಂದರಲ್ಲಿ ಅಕ್ಷರ ಮುರಿದಿದ್ದರೆ ಆ ಮಾದರಿಯನ್ನೇ ಲೈಬ್ರರಿಯವರಿಗೆ ಕಳಿಸಿ. ಅವರ ಪರೀಕ್ಷೆಗಳಲ್ಲಿ ಕನ್ನಡದ ಒಂದು ಸಾಲು ಸೇರಿದರೆ ತೆಲುಗಿನವರಿಗೂ ಒಡಿಯಾದವರಿಗೂ ಅದರ ಲಾಭ ಸಿಗುತ್ತೆ.

ಮುಂದಿನ ವಿಡಿಯೋದಲ್ಲಿ ಅಟ್ಯಾಚ್‌ಮೆಂಟ್ ಫೈಲಿನ ಕನ್ನಡ ಹೆಸರು ಮತ್ತು ಆರ್‌ಎಫ್‌ಸಿ 2231 ನೋಡೋಣ. ಸಿಗೋಣ.