ಜಾತ್ರೆ ಬಯಲಿನ ತೊಟ್ಟಿಲುಗಳು

ವಡ್ಡೆಪಲ್ಲಿ ಕಡೆಯ ಈ ಜಾತ್ರೆ ಬಯಲಿಗೆ ಹೊತ್ತು ಮುಳುಗುವ ಮೊದಲೇ ಹೋಗಬೇಕು. ಲೈಟು ಹತ್ತಿದ ಮೇಲೆ ಎಲ್ಲ ತೊಟ್ಟಿಲುಗಳೂ ಚಂದವೇ. ಯಾವುದು ಯಾವುದರ ಬಲದಿಂದ ತಿರುಗುತ್ತದೆ ಎಂಬುದು ಮಾತ್ರ ಕಾಣುವುದಿಲ್ಲ. ಇದು ಕೃಷ್ಣಾ, ತುಂಗಭದ್ರೆಯರ ನಡುವಿನ ನೆಲ. ಇಲ್ಲಿನವರು ನಡಿಗಡ್ಡ ಅನ್ನುತ್ತಾರೆ. ಪಶ್ಚಿಮಕ್ಕೆ ಹೊರಟರೆ ದೊಡ್ಡ ನದಿ ಅಡ್ಡ ಬರದೆಯೇ ರಾಯಚೂರು ಸಿಗುತ್ತದೆ. ಹಾಗಾಗಿ ಬಳೆ ಅಂಗಡಿಯಲ್ಲಿ ತೆಲುಗಿನಲ್ಲಿ ಶುರುವಾದ ಚೌಕಾಸಿ ಕನ್ನಡದಲ್ಲಿ ಮುಗಿದರೂ ಯಾರೂ ತಿರುಗಿ ನೋಡುವುದಿಲ್ಲ.

ಬಳೆ, ಮಂಡಕ್ಕಿ, ಮಿರ್ಚಿಗಳನ್ನು ದಾಟಿದ ಕೂಡಲೇ ಸಿಗುವುದು ಕಟ್ಟಿಗೆಯ ಕೈತೊಟ್ಟಿಲು. ನಾಲ್ಕೇ ಪೆಟ್ಟಿಗೆ. ಎರಡು ಕಂಬಗಳ ತಲೆಯಲ್ಲಿ ಕೊರೆದ ಕಚ್ಚಿನೊಳಗೆ ಅಚ್ಚು ಕೂತಿದೆ. ಅದರ ಸುತ್ತ ಧೂಳು ಬೆರೆತ ಕರಿ ಗ್ರೀಸು. ಯಜಮಾನ ಕೆಳಗೆ ಬಂದ ಪೆಟ್ಟಿಗೆಯನ್ನು ಅಂಗೈಯಿಂದ ಒತ್ತಿ ಕಳಿಸುತ್ತಾನೆ, ಮುಂದಿನದು ಬರುವಷ್ಟರಲ್ಲಿ ಕೈ ಸಿದ್ಧ. “ಕಂಬಿ ಗಟ್ಟಿ ಹಿಡಕೊಳವ್ವ, ಬಗ್ಗಿ ನೋಡಬ್ಯಾಡ” ಎಂದು ಒಬ್ಬ ಹುಡುಗಿಗೆ ಹೇಳಿದ. ಅವಳು ಬಗ್ಗಿಯೇ ನೋಡಿದಳು.

ಬಡಕಲಾಗಿ ಕಂಡರೂ ಈ ಜಾತಿಯೇ ಹಿರಿಯದು. 1620ರಲ್ಲಿ, ಈಗಿನ ಬಲ್ಗೇರಿಯದ ಪ್ಲೋವ್ಡಿವ್ ಊರಿನಲ್ಲಿ ಇಂಗ್ಲಿಷ್ ಪ್ರವಾಸಿಯೊಬ್ಬ ಜನರನ್ನು ಕೂರಿಸಿ ತಿರುಗಿಸುವ ಇಂಥ ಚಕ್ರ ಕಂಡು ವರ್ಣಿಸಿದ್ದಾನೆ.

ಪಕ್ಕದ್ದು ಕುದುರೆಗಳ ತಿರುಗಣಿ, ತೆಲುಗಿನವರ ರಂಗುಲ ರಾಟ್ನಂ. ಕುದುರೆಗಳಿಗೆ ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಕಣ್ಣೇ ಮುಚ್ಚಿಹೋಗಿದೆ. ಇದನ್ನೂ ಒಬ್ಬ ಹುಡುಗ ದೂಡುತ್ತ ಓಡುತ್ತಾನೆ. ನಾನು ನಿಂತು ನೋಡಿದಾಗ ಪ್ರದಕ್ಷಿಣೆಯ ದಿಕ್ಕಿಗೇ ತಿರುಗುತ್ತಿತ್ತು. ಗುಡಿ ಎದುರಿಗಿದೆಯೆಂದೋ, ಹುಡುಗನ ರೂಢಿಯೋ. ಬ್ರಿಟನ್ನಿನ ತಿರುಗಣಿಗಳೂ ಸಾಮಾನ್ಯವಾಗಿ ಹೀಗೇ ತಿರುಗುತ್ತವೆ, ಅಮೆರಿಕದವು ಅಪ್ರದಕ್ಷಿಣ.

ದೋಣಿ ಉಯ್ಯಾಲೆಯನ್ನು ದಾಟಿ ಮುಂದೆ ಹೋದರೆ ಜಾಯಿಂಟ್ ವೀಲ್. 1893ರಲ್ಲಿ ಶಿಕಾಗೋ ಮೇಳಕ್ಕೆಂದು ಕಟ್ಟಿದ ಉಗಿಬಲದ ಚಕ್ರ ಸುಮಾರು 80 ಮೀಟರ್ ಎತ್ತರವಿತ್ತು. 36 ಡಬ್ಬಿ, ಒಂದೊಂದರಲ್ಲಿ 60 ಜನ. ನಮ್ಮದು ಅದರ ಮರಿಮಗ. ಆದರೆ ಜನರನ್ನು ಹತ್ತಿಸುವ ಕ್ರಮ ನೋಡುವಂಥದ್ದು. ಒಂದು ತೊಟ್ಟಿಲು ತುಂಬಿದ ಮೇಲೆ ಪಕ್ಕದ್ದನ್ನು ತುಂಬದೆ, ಚಕ್ರವನ್ನು ಅರ್ಧ ಸುತ್ತಿಸಿ ಎದುರಿನದನ್ನು ತುಂಬುತ್ತಾರೆ. ಭಾರ ಒಂದೇ ಕಡೆ ಜಗ್ಗಿದರೆ ಎಂಜಿನ್ನು ಏದುಸಿರು ಬಿಡುತ್ತದೆ. ಒಂಟಿಯಾಗಿ ಬಂದವರು ಜೋಡಿಗಾಗಿ ಕಾಯಬೇಕು, ನಾನೂ ಕಾದೆ.

ಕೊನೆಗೆ ಮೌತ್ ಕಾ ಕುಂವಾ. ಏಣಿ ಹತ್ತಿ ಅಂಚಿನಿಂದ ಬಗ್ಗಿದರೆ ತಳದಲ್ಲಿ ಸೈಲೆನ್ಸರ್ ಬಿಚ್ಚಿದ ಬೈಕು. ಸವಾರ ಮೊದಲು ಇಳಿಜಾರು ಹಲಗೆಯ ಮೇಲೆ ಸುತ್ತಿ ವೇಗ ಕೂಡಿಸಿಕೊಂಡ, ಆಮೇಲೆ ನೆಟ್ಟನೆಯ ಗೋಡೆಗೇರಿದ. ವೇಗ ಹೆಚ್ಚಿದಷ್ಟೂ ಗೋಡೆ ಟೈರನ್ನು ಬಿಗಿಯಾಗಿ ಒತ್ತುತ್ತದೆ, ಆ ತಿಕ್ಕಾಟವೇ ಅವನನ್ನು ಬೀಳಗೊಡದು. ಯಾರೋ ಚಾಚಿದ ಹತ್ತರ ನೋಟನ್ನು ಕಿತ್ತುಕೊಂಡೇ ಹೋದ. ಸುತ್ತು ಸುತ್ತಿಗೂ ನಮ್ಮ ಕಾಲಡಿಯ ಹಲಗೆ ಅದುರುತ್ತಿತ್ತು.

ಇಳಿದು ಹಿಂಬದಿಗೆ ಹೋದೆ. ಗೋಡೆಯ ಪ್ರತಿ ತುಂಡಿನ ಮೇಲೂ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದ್ದರು. ಮುಂದಿನ ಜಾತ್ರೆಯಲ್ಲಿ ಅದೇ ಕ್ರಮದಲ್ಲಿ ಜೋಡಿಸಲಿಕ್ಕೆ. 7 ಮಾತ್ರ ಹೊಸ ಹಲಗೆ.